ಕರೆಂಟು, ಗ್ಯಾಸ್ ದರ ಫಿಕ್ಸ್ ಮಾಡಿಸಬೇಕಾ, ಕಾಯಬೇಕಾ?

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಿಂದ ಬರೆದ ಓದುಗರಿಗೆ,

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಮಿಕ್ಕ ಓದುಗರಿಗೂ ತಿಳಿಯಲಿ ಎಂದು ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ಬಾಡಿಗೆ ಮನೆಯಲ್ಲಿ ನೀವಿಬ್ಬರು ಮತ್ತು ವರ್ಷ ತುಂಬದ ಮಗು. ಮಗುವಿಗಾಗಿ ನೀವು ಕೆಲಸ ಬಿಟ್ಟಿದ್ದೀರಿ, ಈಗ ಒಂದೇ ಸಂಬಳ. ನವೆಂಬರ್‌ನಲ್ಲಿ ದಾವಣಗೆರೆಯಿಂದ ಅತ್ತೆ ಮಾವ ಬಂದು ಮೂರು ತಿಂಗಳು ಇರುತ್ತಾರೆ. ಕರೆಂಟು, ಗ್ಯಾಸು ಎರಡೂ ವೇರಿಯಬಲ್ (ಆಗಾಗ ಬದಲಾಗುವ) ದರದಲ್ಲಿವೆ, ಅಕ್ಟೋಬರ್ 1ರಿಂದ ಮತ್ತೆ ಏರುತ್ತಿವೆ. ಕಂಪನಿಯವರು ಒಂದು ವರ್ಷದ ಫಿಕ್ಸ್, ಎರಡು ವರ್ಷದ ಫಿಕ್ಸ್ ಅಂತ ಎರಡು ಆಫರ್ ಕಳಿಸಿದ್ದಾರೆ, ಅಂದರೆ ಅಷ್ಟು ಕಾಲ ದರ ಬದಲಾಗುವುದಿಲ್ಲ. ನಿಮಗೆ ಫಿಕ್ಸ್ ಮಾಡಿಸುವ ಆಸೆ. ನಿಮ್ಮ ಯಜಮಾನರು ಮಾತ್ರ "ಸರ್ಕಾರದ ಕ್ಯಾಪ್ ಇದೆಯಲ್ಲ, ಅದಕ್ಕಿಂತ ಮೇಲೆ ಬಿಲ್ ಹೋಗಲ್ಲ, ಸುಮ್ನೆ ಯಾಕೆ ಜಾಸ್ತಿ ಕೊಡೋದು" ಅನ್ನುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಕೇಳಿದ ಮಾವನವರು "ಅಲ್ಲಿ ಕರೆಂಟಿಗೂ ಚೌಕಾಸಿ ಮಾಡ್ಬೇಕೇನಮ್ಮ?" ಎಂದರಂತೆ.

ನನ್ನ ಉತ್ತರ ಮೊದಲೇ ಹೇಳುತ್ತೇನೆ: ಒಂದು ವರ್ಷದ್ದನ್ನು ತೆಗೆದುಕೊಳ್ಳಿ. ದರ ಏರಿಯೇ ಏರುತ್ತದೆ ಎಂದು ನಾನು ಭವಿಷ್ಯ ನುಡಿಯುತ್ತಿಲ್ಲ. ಅದು ಯಾರ ಕೈಯಲ್ಲೂ ಆಗದ ಕೆಲಸ. ಆದರೆ ಅಕಸ್ಮಾತ್ ಜೋರಾಗಿ ಏರಿದರೆ ಅದನ್ನು ತಡೆದುಕೊಳ್ಳುವ ಶಕ್ತಿ ಈ ವರ್ಷ ನಿಮ್ಮ ಮನೆಗೆ ಇಲ್ಲ.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ, ಏಕೆಂದರೆ ಬ್ರಿಟನ್‌ನಲ್ಲಿರುವ ನಮ್ಮ ಬಹಳಷ್ಟು ಓದುಗರು ಹೀಗೇ ಅಂದುಕೊಂಡಿದ್ದಾರೆ. ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್ (ದರದ ಮಿತಿ) ಶುರುವಾಗಿದ್ದು 2019ರ ಜನವರಿಯಲ್ಲಿ. ಅದು ಒಂದು ಯೂನಿಟ್‌ಗೆ (ಕಿಲೋವ್ಯಾಟ್ ಅವರ್, ಗ್ಯಾಸಿಗೂ ಇದೇ ಅಳತೆ) ಎಷ್ಟು, ಬಳಸದಿದ್ದರೂ ಕಟ್ಟಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಎಷ್ಟು ಎಂಬುದಕ್ಕೆ ಮಿತಿ ಹಾಕುತ್ತದೆ. ನಿಮ್ಮ ಬಿಲ್ಲಿಗೆ ಮಿತಿ ಹಾಕುವುದಿಲ್ಲ. ಟಿವಿಯಲ್ಲಿ ತೋರಿಸುವ ವರ್ಷದ ಮೊತ್ತ ಇದೆಯಲ್ಲ, ಅದು ಕರೆಂಟು, ಗ್ಯಾಸ್ ಎರಡನ್ನೂ ಸಾಧಾರಣ ಪ್ರಮಾಣದಲ್ಲಿ ಬಳಸುವ ಒಂದು ಮನೆಯ ಲೆಕ್ಕ. ಜಾಸ್ತಿ ಬಳಸಿದರೆ ಜಾಸ್ತಿಯೇ ಕಟ್ಟಬೇಕು. ಇನ್ನೊಂದು ವಿಷಯ, ಈ ಕ್ಯಾಪ್ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ. ಹಾಗಾಗಿ ಮೇಲಕ್ಕೆ ಹೋಗಲ್ಲ ಎಂಬ ಭರವಸೆ ಬರೀ ಮೂರು ತಿಂಗಳದ್ದು. 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇದ್ದ ಆ ಸಾಧಾರಣ ಮನೆಯ ವಾರ್ಷಿಕ ಮೊತ್ತ ಮರು ಏಪ್ರಿಲ್‌ನಲ್ಲಿ 1,971 ಆಯಿತು, ಒಂದೇ ಏಟಿಗೆ ಶೇ 54 ಏರಿಕೆ. ಅಷ್ಟೂ ದಿನ ಕ್ಯಾಪ್ ಇದ್ದೇ ಇತ್ತು.

ಹಾಗಾದರೆ ದರ ಏರುವ ಕಾಲದಲ್ಲಿ ಫಿಕ್ಸ್ ಆಫರ್ ಯಾವಾಗಲೂ ವೇರಿಯಬಲ್‌ಗಿಂತ ದುಬಾರಿ ಕಾಣಿಸುತ್ತದಲ್ಲ, ಅದು ಯಾಕೆ? ಕ್ಯಾಪ್ ಲೆಕ್ಕ ಹಾಕುವುದು ಕಳೆದ ಕೆಲವು ತಿಂಗಳ ಸಗಟು ಮಾರುಕಟ್ಟೆ ದರ ನೋಡಿ. ಫಿಕ್ಸ್ ಕೊಡುವ ಕಂಪನಿ ಮುಂದಿನ ಹನ್ನೆರಡು ತಿಂಗಳಿಗೆ ಇವತ್ತು ಏನು ಬೆಲೆ ನಡೆಯುತ್ತಿದೆ ಎಂದು ನೋಡುತ್ತದೆ. ಮಾರುಕಟ್ಟೆ ಏರಿದಾಗ ಫಿಕ್ಸ್ ಮೊದಲು ಏರುತ್ತದೆ, ಕ್ಯಾಪ್ ಹಿಂದೆ ಬರುತ್ತದೆ. ಇಳಿಯುವಾಗಲೂ ಅಷ್ಟೇ, ಫಿಕ್ಸ್ ಮೊದಲು ಇಳಿಯುತ್ತದೆ. ಅದಕ್ಕೇ ಇವತ್ತಿನ ವೇರಿಯಬಲ್ ದರವನ್ನು ಇವತ್ತಿನ ಫಿಕ್ಸ್ ಪಕ್ಕದಲ್ಲಿಟ್ಟು "ಇದು ಅಗ್ಗ" ಎಂದು ತೀರ್ಮಾನ ಮಾಡಬಾರದು. ಒಂದು ಮೂರು ತಿಂಗಳ ದರ, ಇನ್ನೊಂದು ಇಡೀ ವರ್ಷದ ದರ.

ಇನ್ನು ನೀವು ಕಳಿಸಿದ ಅಂಕಿಗಳು. ನಿಮ್ಮ ವರ್ಷದ ಬಳಕೆ 3,000 ಯೂನಿಟ್ ಕರೆಂಟು, 10,000 ಯೂನಿಟ್ ಗ್ಯಾಸ್. ಅಕ್ಟೋಬರ್‌ನಿಂದ ನಿಮಗೆ ಬೀಳುವ ವೇರಿಯಬಲ್ ದರ ಕರೆಂಟಿಗೆ 26 ಪೆನ್ಸ್, ಗ್ಯಾಸಿಗೆ 6.3 ಪೆನ್ಸ್, ದಿನದ ಸ್ಟ್ಯಾಂಡಿಂಗ್ ಚಾರ್ಜ್ ಎರಡೂ ಸೇರಿ 88 ಪೆನ್ಸ್. (ಮಾವನವರಿಗೆ ಹೇಳುವುದಾದರೆ, ಬೆಸ್ಕಾಂ ಬಿಲ್ಲಿನಲ್ಲಿ ಬಳಸಿದರೂ ಬಳಸದಿದ್ದರೂ ಬರುವ ಮೊತ್ತ ಇರುತ್ತದಲ್ಲ, ಅದರ ಜಾತಿಯದೇ ಇದು.) ಇದೇ ದರ ವರ್ಷಪೂರ್ತಿ ಇದ್ದರೆ ಕರೆಂಟಿಗೆ 780, ಗ್ಯಾಸಿಗೆ 630, ಸ್ಟ್ಯಾಂಡಿಂಗ್ ಚಾರ್ಜಿಗೆ 321, ಒಟ್ಟು 1,731 ಪೌಂಡ್. ಒಂದು ವರ್ಷದ ಫಿಕ್ಸ್‌ನಲ್ಲಿ ಕರೆಂಟಿಗೆ 27, ಗ್ಯಾಸಿಗೆ 6.6, ದಿನಕ್ಕೆ 92 ಪೆನ್ಸ್. ಅಂದರೆ 810, 660, 336, ಒಟ್ಟು 1,806. ವ್ಯತ್ಯಾಸ 75 ಪೌಂಡ್, ತಿಂಗಳಿಗೆ ಆರು ಚಿಲ್ಲರೆ.

ಆ 75 ಪೌಂಡ್ ಯಾವಾಗ ವಸೂಲಾಗುತ್ತದೆ? ವೇರಿಯಬಲ್ ದರ ವರ್ಷದ ಸರಾಸರಿಯಲ್ಲಿ ಶೇ 4ರಿಂದ 5 ಏರಿದರೆ ಸಾಕು. ಅಷ್ಟೂ ಬೇಕಿಲ್ಲ. ವರ್ಷದ ಗ್ಯಾಸಿನಲ್ಲಿ ಸುಮಾರು ಮುಕ್ಕಾಲು ಭಾಗ ಖರ್ಚಾಗುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಆ ಆರು ತಿಂಗಳು ಯೂನಿಟ್ ದರ ಶೇ 8-9 ಏರಿ, ಬೇಸಿಗೆಯಲ್ಲಿ ಮತ್ತೆ ಈಗಿನ ಮಟ್ಟಕ್ಕೇ ಬಂದರೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಜನವರಿಯ ದರಕ್ಕೂ ಜುಲೈ ದರಕ್ಕೂ ಒಂದೇ ತೂಕ ಕೊಡಬೇಡಿ. ಜುಲೈನಲ್ಲಿ ನಿಮ್ಮ ಬಾಯ್ಲರ್ ಸ್ನಾನದ ನೀರಿಗೆ ಬಿಟ್ಟರೆ ಮತ್ತೆ ಯಾವುದಕ್ಕೂ ಉರಿಯುವುದಿಲ್ಲ ಅಲ್ವಾ?

ಈಗ ಉಲ್ಟಾ ಯೋಚಿಸಿ. ಫಿಕ್ಸ್ ಮಾಡಿಸಿದ ಮೇಲೆ ದರ ಇಳಿದರೆ? ಶೇ 10 ಇಳಿದು ವರ್ಷವಿಡೀ ಹಾಗೇ ಇದ್ದರೆ ಫಿಕ್ಸ್‌ನಲ್ಲಿ ನೀವು ಸುಮಾರು 250 ಪೌಂಡ್ ಜಾಸ್ತಿ ಕಟ್ಟಿದಂತಾಗುತ್ತದೆ. ಆದರೆ ನಿಮ್ಮ ಆಫರ್‌ನಲ್ಲಿ ಎಕ್ಸಿಟ್ ಫೀ (ಅವಧಿಗೆ ಮೊದಲೇ ಬಿಟ್ಟರೆ ಕಟ್ಟಬೇಕಾದ ದುಡ್ಡು) ಕರೆಂಟಿಗೆ 50, ಗ್ಯಾಸಿಗೆ 50. ನೂರು ಪೌಂಡ್ ಕೊಟ್ಟು ಯಾವತ್ತು ಬೇಕಾದರೂ ಹೊರಗೆ ಬರಬಹುದು. ಇನ್ನೊಂದು ಕಡೆ, 2022ರಂಥ ಏರಿಕೆ ಮತ್ತೆ ಬಂದು ವೇರಿಯಬಲ್‌ನಲ್ಲೇ ಉಳಿದಿದ್ದರೆ ವರ್ಷಕ್ಕೆ 800 ಪೌಂಡಿಗೂ ಮಿಕ್ಕಿ ಹೊರೆ, ಅದರಿಂದ ಹೊರಬರಲು ಬಾಗಿಲೇ ಇಲ್ಲ. ಒಂದೇ ಸಂಬಳದ ಮನೆಯಲ್ಲಿ ಈ ಎರಡು ನಷ್ಟ ಸಮ ಅಲ್ಲ. ಇಬ್ಬರೂ ದುಡಿಯುತ್ತಿದ್ದು, ಕೈಯಲ್ಲಿ ಒಂದಿಷ್ಟು ಉಳಿತಾಯ ಇದ್ದಿದ್ದರೆ ವೇರಿಯಬಲ್‌ನಲ್ಲೇ ಇದ್ದು ನೋಡಿ ಅಂತಲೇ ಹೇಳುತ್ತಿದ್ದೆ.

ಎರಡು ವರ್ಷದ ಆಫರ್ ಯೂನಿಟ್ ದರದಲ್ಲಿ ಸ್ವಲ್ಪ ಕಮ್ಮಿ ಇದೆ ನಿಜ, ಆದರೆ ಎಕ್ಸಿಟ್ ಫೀ ಒಂದೊಂದಕ್ಕೂ 150. ಜೂನ್‌ಗೆ ನಿಮ್ಮ ಬಾಡಿಗೆ ಕರಾರು ಮುಗಿಯುತ್ತದೆ. ಅದನ್ನು ಬಿಟ್ಟುಬಿಡಿ.

ಎರಡು ವರ್ಷದ್ದಕ್ಕೆ ನಾನು ಇಷ್ಟು ಹೆದರುವುದಕ್ಕೆ 2022 ಕೂಡ ಕಾರಣ. 2021ರ ಬೇಸಿಗೆಯಲ್ಲಿ ಫಿಕ್ಸ್ ಮಾಡಿಸಿದವರು ಮುಂದಿನ ಚಳಿಗಾಲವನ್ನು ಹಳೆಯ ದರದಲ್ಲೇ ಕಳೆದರು, ಅವರ ಕಂಪನಿ ಮುಳುಗದೆ ಉಳಿದಿದ್ದರೆ. ಆ ಹೊತ್ತಿನಲ್ಲಿ ಸುಮಾರು 30 ಕಂಪನಿಗಳು ಬಾಗಿಲು ಹಾಕಿದವು. ಗ್ರಾಹಕರ ಖಾತೆಯಲ್ಲಿದ್ದ ದುಡ್ಡಿಗೆ ರಕ್ಷಣೆ ಇತ್ತು, ಕರೆಂಟು ಒಂದು ಕ್ಷಣವೂ ನಿಲ್ಲಲಿಲ್ಲ, ಆದರೆ ಫಿಕ್ಸ್ ದರ ಮಾತ್ರ ಕಂಪನಿಯ ಜೊತೆಗೇ ಹೋಯಿತು. 2022ರ ಆಗಸ್ಟ್‌ನಲ್ಲಿ ಕ್ಯಾಪ್ 3,549 ಪೌಂಡ್ ಆಗುತ್ತದೆ ಎಂದು ಪ್ರಕಟವಾದಾಗ ಜನ ಕಂಗಾಲಾದರು. ಸಿಕ್ಕಿದ ದರಕ್ಕೆ ದೀರ್ಘಾವಧಿಗೆ ಫಿಕ್ಸ್ ಮಾಡಿಸಿದವರೂ ಇದ್ದರು. ಕೆಲವೇ ವಾರಗಳಲ್ಲಿ ಸರ್ಕಾರ ಮಧ್ಯೆ ಬಂದು ಸಾಧಾರಣ ಮನೆಯ ಬಿಲ್ 2,500 ಪೌಂಡ್ ಆಸುಪಾಸಿನಲ್ಲಿ ನಿಲ್ಲುವಂತೆ ಮಾಡಿತು. ಫಿಕ್ಸ್‌ನಲ್ಲಿದ್ದವರಿಗೂ ಯೂನಿಟ್‌ಗೆ ಇಷ್ಟು ಅಂತ ರಿಯಾಯಿತಿ ಸಿಕ್ಕಿತು. 2023ರ ಜುಲೈಗೆ ಕ್ಯಾಪ್ 2,074ಕ್ಕೆ ಇಳಿಯಿತು. ಭಯದ ತುತ್ತತುದಿಯಲ್ಲಿ, ದೊಡ್ಡ ಎಕ್ಸಿಟ್ ಫೀ ಇಟ್ಟುಕೊಂಡು ಎರಡು ವರ್ಷ ಸಹಿ ಹಾಕಿದವರಿಗೆ ಆಗ ಎಷ್ಟು ಸಂಕಟವಾಗಿರಬೇಕು ಯೋಚಿಸಿ. ಅದಕ್ಕೇ ಯಾರೇ ಕೇಳಿದರೂ ನಾನು ದರಕ್ಕಿಂತ ಮೊದಲು ಎಕ್ಸಿಟ್ ಫೀ ಎಷ್ಟು ಅಂತ ಕೇಳುತ್ತೇನೆ.

ಮಾವನವರ ಪ್ರಶ್ನೆಯೂ ಸಣ್ಣದಲ್ಲ. ದಾವಣಗೆರೆಯಲ್ಲಿ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ನಿಗದಿ ಮಾಡಿದ ದರ, ಬೆಸ್ಕಾಂ ಕೊಟ್ಟ ಬಿಲ್, ಅಷ್ಟೇ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗಿರುವ ಬಹಳ ಮನೆಗಳಿಗೆ ಬಿಲ್ಲೇ ಇಲ್ಲ. ಹಾಗಂತ ಅಲ್ಲಿ ಏರಿಳಿತ ಇಲ್ಲವೇ ಇಲ್ಲ ಎಂದಲ್ಲ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲು ಬಿಲ್ಲಿನಲ್ಲಿ ಬಂದು ಹೋಗುತ್ತಿರುತ್ತದೆ. ಬ್ರಿಟನ್‌ನಲ್ಲಿ ಆ ಏರಿಳಿತವನ್ನು ಹೊರುವುದು ನೀವಾ, ಕಂಪನಿಯಾ ಎಂದು ಆರಿಸುವ ಕೆಲಸವನ್ನು ನಿಮ್ಮ ತಲೆಗೇ ಕಟ್ಟಿದ್ದಾರೆ. ಮಗು ಎತ್ತಿಕೊಂಡು ಈ ಲೆಕ್ಕ ಮಾಡುವುದು ಎಷ್ಟು ಕಷ್ಟ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಫಿಕ್ಸ್ ಆಗುವುದು ದರ, ಬಿಲ್ ಅಲ್ಲ. ಅತ್ತೆ ಮಾವ ಬಂದ ಮೇಲೆ ಹೀಟಿಂಗ್ ಬೆಳಿಗ್ಗೆ ಸಂಜೆ ಹಾಕಿದರೆ ಸಾಲದು, ಇಡೀ ದಿನ ಉರಿಯಬೇಕು, ಅವರಿಗೆ ಆ ಚಳಿ ಅಭ್ಯಾಸ ಇಲ್ಲ. ಮೂರು ತಿಂಗಳಲ್ಲಿ 2,000 ಯೂನಿಟ್ ಗ್ಯಾಸ್ ಜಾಸ್ತಿ ಹೋದರೆ ಫಿಕ್ಸ್ ದರದಲ್ಲಿ 132 ಪೌಂಡ್. ನೀವು ಗಂಡ ಹೆಂಡತಿ ವಾದ ಮಾಡುತ್ತಿರುವ 75 ಪೌಂಡ್‌ಗಿಂತ ಅದು ದೊಡ್ಡದು. ಅವರನ್ನು ಬೆಚ್ಚಗೇ ಇಡಿ, ಅದರಲ್ಲಿ ಉಳಿಸಲು ಹೋಗಬೇಡಿ. ಬದಲಿಗೆ ಬಾಯ್ಲರ್ ನೋಡಿ. ಕಾಂಬಿ ಬಾಯ್ಲರ್‌ನಲ್ಲಿ (ನಲ್ಲಿಯ ನೀರು, ಮನೆ ಎರಡನ್ನೂ ಕಾಯಿಸುವಂಥದ್ದು) ರೇಡಿಯೇಟರ್‌ನ ಗುರುತಿರುವ ಗುಂಡಿ 75-80 ಡಿಗ್ರಿಯಲ್ಲಿದ್ದರೆ 60ಕ್ಕೆ ಇಳಿಸಿ. ಮನೆ ಬೆಚ್ಚಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಗ್ಯಾಸ್ ಕಮ್ಮಿ ಸುಡುತ್ತದೆ. ಗ್ಯಾಸ್ ಮೀಟರ್‌ನಲ್ಲಿ ಒಂದು ಘನ ಮೀಟರ್ ತಿರುಗಿದರೆ ಸುಮಾರು 11 ಯೂನಿಟ್, ಅಂದರೆ 73 ಪೆನ್ಸ್ ಹತ್ತಿರ. ಒಂದು ವಾರ ದಿನಾ ರಾತ್ರಿ ಆ ಅಂಕಿ ಬರೆದಿಟ್ಟರೆ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ತಾನಾಗೇ ತಿಳಿಯುತ್ತದೆ.

ತಿಂಗಳಿಗೊಮ್ಮೆ ಬ್ಯಾಂಕಿನಿಂದ ತಾನಾಗೇ ಹೋಗುವ ಡೈರೆಕ್ಟ್ ಡೆಬಿಟ್ ಮೊತ್ತ ನೋಡಿ ಮೋಸ ಹೋಗಬೇಡಿ. ವರ್ಷದ ಅಂದಾಜನ್ನು ಹನ್ನೆರಡು ಭಾಗ ಮಾಡಿರುತ್ತಾರೆ. ಬಳಕೆ ಏರಿದರೆ ಫಿಕ್ಸ್‌ನಲ್ಲಿದ್ದರೂ ಆ ಮೊತ್ತ ಏರಿಸುತ್ತಾರೆ.

ಸಹಿ ಹಾಕುವ ಮೊದಲು ಕಂಪನಿಗೆ ಒಂದು ಮೇಲ್ ಬರೆಯಿರಿ: ಜೂನ್‌ನಲ್ಲಿ ಮನೆ ಬದಲಿಸಿದರೆ ಇದೇ ದರ ಹೊಸ ಮನೆಗೆ ಬರುತ್ತದಾ, ಇಲ್ಲ ಅಂದರೆ ಎಕ್ಸಿಟ್ ಫೀ ಹಾಕುತ್ತೀರಾ? ಉತ್ತರ ಬರಹದಲ್ಲೇ ಇರಲಿ. ಸಹಿ ಹಾಕಿದ ಮೇಲೂ 14 ದಿನದೊಳಗೆ ಮನಸ್ಸು ಬದಲಿಸಬಹುದು. ಫಿಕ್ಸ್ ಮುಗಿಯಲು 49 ದಿನ ಇರುವಾಗಿನಿಂದ ಎಕ್ಸಿಟ್ ಫೀ ಇಲ್ಲದೆ ಬೇರೆ ಕಡೆ ಹೋಗಬಹುದು, ಆ ತಾರೀಖನ್ನು ಈಗಲೇ ಫೋನಿನಲ್ಲಿ ಹಾಕಿಡಿ. ಸುಮ್ಮನಿದ್ದರೆ ತಾನಾಗೇ ವೇರಿಯಬಲ್‌ಗೆ ಹಾಕುತ್ತಾರೆ. ಹೊಸ ದರ ಶುರುವಾಗುವ ದಿನ ಎರಡೂ ಮೀಟರಿನ ಫೋಟೋ ತೆಗೆದಿಡಿ, ಸ್ಮಾರ್ಟ್ ಮೀಟರ್ ಇದ್ದರೂ.

ಕೊನೆಗೆ ಇನ್ನೊಂದು. ಐದು ವರ್ಷದೊಳಗಿನ ಮಗು ಇರುವ ಮನೆಯವರು ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ಗೆ (ಹೆಚ್ಚಿನ ನೆರವು ಬೇಕಾದವರ ಪಟ್ಟಿ) ಹೆಸರು ಕೊಡಬಹುದು. ದುಡ್ಡೇನೂ ಇಲ್ಲ. ಕರೆಂಟು ತೆಗೆಯುವುದಿದ್ದರೆ ಮುಂಚೆಯೇ ತಿಳಿಸುತ್ತಾರೆ, ತೊಂದರೆಯಾದಾಗ ನಿಮ್ಮ ಕಡೆ ಮೊದಲು ನೋಡುತ್ತಾರೆ. ಫಿಕ್ಸ್ ಬಗ್ಗೆ ಮೇಲ್ ಬರೆಯುವಾಗ ಅದರಲ್ಲೇ ಇದನ್ನೂ ಕೇಳಿ.

— ಸಂಪಾದಕ