ಧ್ಯಾನಕ್ಕೆ ಕುಳಿತವರ ಮಂಡಿನೋವು

(ನನ್ನ ಬಳಿ ಸಲಹೆಗೆ ಬಂದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

"ಧ್ಯಾನ ನನಗೆ ಒಲಿಯುವುದಿಲ್ಲ ಮೇಡಂ. ನನ್ನಲ್ಲೇ ಏನೋ ದೋಷವಿದೆ" ಎಂದು ಮಾತು ಶುರು ಮಾಡಿದರು. ವಯಸ್ಸು 46, ದಿನವಿಡೀ ಲೆಕ್ಕಪತ್ರ ನೋಡುವ ಕೆಲಸ. ನಿದ್ರೆ ಸರಿಯಾಗಿ ಬಾರದೆಂದು ಐದು ತಿಂಗಳ ಹಿಂದೆ ಧ್ಯಾನ ಹಿಡಿದಿದ್ದರು. ಬೆಳಗಿನ ಐದಕ್ಕೆ ಪದ್ಮಾಸನ, ಹೆಬ್ಬೆರಳು-ತೋರುಬೆರಳ ತುದಿ ಸೇರಿಸುವ ಚಿನ್ಮುದ್ರೆ, ಎಣಿಸಿ ಎಳೆದು ಎಣಿಸಿ ಬಿಡುವ ಉಸಿರು. ಒಟ್ಟು 40 ನಿಮಿಷ. ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಕಲಿತದ್ದು. ದಿನದ ಕೊನೆಗೆ ಆ ಬೆಳಗಿನ ಧ್ಯಾನಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆರು ದಾಟಿದ್ದೇ ಇಲ್ಲವಂತೆ.

ಮೊದಮೊದಲು ಬೆರಳ ತುದಿ ಜುಮ್ಮೆಂದಾಗ ಒಳಗೆ ಶಕ್ತಿ ಎಚ್ಚರವಾಗುತ್ತಿದೆ ಎಂದು ಹಿಗ್ಗಿದ್ದರು. ಒಂದು ಬೆಳಿಗ್ಗೆ ಅದರ ಜೊತೆಗೆ ಎದೆಯೂ ಬಿಗಿಯಿತು. ಹೃದಯಾಘಾತವೆಂದು ಆಸ್ಪತ್ರೆಗೆ ಓಡಿದರು. ಇಸಿಜಿ, ರಕ್ತ ಪರೀಕ್ಷೆ ಎಲ್ಲವೂ ಸರಿಯಾಗಿದ್ದವು. ನನ್ನ ಬಳಿ ಕಳಿಸಿದ್ದು ಆ ವೈದ್ಯರೇ.

ಹೇಗೆ ಕೂರುತ್ತೀರಿ, ತೋರಿಸಿ ಎಂದೆ. ಕುರ್ಚಿ ಸರಿಸಿ ನೆಲದ ಮೇಲೆ ಕುಳಿತರು. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಭಾರದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವವರಂತೆ ಎಡತೊಡೆಯ ಮೇಲಿಟ್ಟರು. ಚಿನ್ಮುದ್ರೆಯ ಹೆಬ್ಬೆರಳನ್ನು ಅದೆಷ್ಟು ಒತ್ತಿದ್ದರೆಂದರೆ ಉಗುರು ಬಿಳಿಚಿಕೊಂಡಿತ್ತು. ಪ್ರತಿ ಉಸಿರಿಗೂ ಭುಜ ಕಿವಿಯತ್ತ ಏರುತ್ತಿತ್ತು. ಮೂರು ನಿಮಿಷ ಕಳೆದಿರಬೇಕು. ಕಣ್ಣು ತೆರೆದು, "ಬಂತು ಮೇಡಂ, ತುಟಿಯ ಸುತ್ತ ಅದೇ ಜುಮ್ಮು" ಎಂದರು.

ಅದರಲ್ಲಿ ಪವಾಡವೂ ಇಲ್ಲ, ರೋಗವೂ ಇಲ್ಲ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ತುಟಿ, ಬೆರಳು ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ, ಎದೆ ಬಿಗಿಯುತ್ತದೆ. ಅದರಿಂದ ಹೆದರಿದವರು ಇನ್ನಷ್ಟು ಜೋರಾಗಿ ಉಸಿರೆಳೆಯುತ್ತಾರೆ. ಪಾದ ಮರಗಟ್ಟುವುದು ಬೇರೆ ವಿಷಯ. ಅದು ಮಡಿಚಿದ ಕಾಲಿನಲ್ಲಿ ನರ ಒತ್ತಿಕೊಂಡದ್ದರಿಂದ.

"ಆ 40 ನಿಮಿಷ ನಿಮ್ಮ ಗಮನ ಎಲ್ಲಿರುತ್ತದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಮಂಡಿಯಲ್ಲಿ. ಅಲ್ಲಿಲ್ಲದಿದ್ದರೆ ಗಡಿಯಾರದಲ್ಲಿ" ಎಂದರು. ಈ ಪ್ರಾಮಾಣಿಕತೆಗೆ ನಾನಾಗಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಕುರ್ಚಿಯಲ್ಲಿ ಕುಳಿತು ಮಾಡಿ ಎಂದಾಗ ಮುಖ ಸಪ್ಪಗಾಯಿತು. "ಅದು ಧ್ಯಾನವೇ? ಶಾಸ್ತ್ರ ಒಪ್ಪುತ್ತದೆಯೇ?" ಶಾಸ್ತ್ರದ ಮಾತು ಅವರೇ ಎತ್ತಿದ್ದರಿಂದ ಹೇಳಿದೆ: ಪತಂಜಲಿಯ ಯೋಗಸೂತ್ರದಲ್ಲಿ ಆಸನಕ್ಕೆ ಮೀಸಲಾದದ್ದು ಮೂರೇ ಸೂತ್ರ. ಪದ್ಮಾಸನದ ಹೆಸರು ಅವುಗಳಲ್ಲಿಲ್ಲ. ಆಸನಗಳ ಪಟ್ಟಿ ಬರುವುದು ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಿ. ಮೊದಲ ಸೂತ್ರ 'ಸ್ಥಿರಸುಖಮಾಸನಮ್', ಅಂದರೆ ಅಲುಗಾಡದೆ ಸುಖವಾಗಿ ಕೂರುವುದು. ಮರುಸೂತ್ರದಲ್ಲೇ 'ಪ್ರಯತ್ನಶೈಥಿಲ್ಯ' ಎಂಬ ಮಾತಿದೆ, ಹೆಣಗಾಟವನ್ನು ಸಡಿಲಿಸುವುದು. ನನ್ನೆದುರು ಕುಳಿತವರು ಬಿಟ್ಟಿದ್ದು ಇದೊಂದನ್ನೇ. ಬುದ್ಧನ ಉಪದೇಶವಾದ ಪಾಲಿ ಭಾಷೆಯ ಸತಿಪಟ್ಠಾನ ಸುತ್ತವಂತೂ ನಡೆಯುವಾಗ, ನಿಂತಾಗ, ಕುಳಿತಾಗ, ಮಲಗಿದಾಗ, ಈ ನಾಲ್ಕರಲ್ಲೂ ಅರಿವಿರಲಿ ಎನ್ನುತ್ತದೆ. ಉಸಿರು ದೀರ್ಘವಾಗಿದ್ದರೆ ದೀರ್ಘವೆಂದು, ಚಿಕ್ಕದಾಗಿದ್ದರೆ ಚಿಕ್ಕದೆಂದು ಅರಿಯಿರಿ ಎನ್ನುತ್ತದೆಯೇ ಹೊರತು ಇಷ್ಟು ಎಣಿಸಿ ಎಳೆಯಿರಿ ಎನ್ನುವುದಿಲ್ಲ.

ಹಾಗೆಂದು ಏನು ಮಾಡಿದರೂ ಧ್ಯಾನವೇ ಎನ್ನುವವರ ಪಂಗಡದವಳು ನಾನಲ್ಲ. ಕಚೇರಿಯ ಜಗಳ ಮೆಲುಕು ಹಾಕುತ್ತ ಪಾತ್ರೆ ತೊಳೆದರೆ ಪಾತ್ರೆ ಶುಭ್ರವಾಗುತ್ತದೆ, ಅಷ್ಟೇ. ಬೆನ್ನು ನೇರವಾಗಿರಲಿ ಎಂದು ಹಿರಿಯರು ಹೇಳಿದ್ದಕ್ಕೂ ಅರ್ಥವಿದೆ. ಕುಸಿದು ಕುಳಿತರೆ ಐದು ನಿಮಿಷದಲ್ಲಿ ತೂಕಡಿಕೆ. ಪದ್ಮಾಸನ ಸಲೀಸಾಗಿ ಬರುವವರು ಅದನ್ನು ಬಿಡಬೇಕಿಲ್ಲ. ಪ್ರಾಣಾಯಾಮವೂ ಒಂದು ವಿದ್ಯೆಯೇ. ಆದರೆ ರಭಸದ ಉಸಿರಾಟ, ಉಸಿರು ಬಿಗಿಹಿಡಿಯುವುದು ಇಂಥವನ್ನು ಎದುರಿಗೆ ಕುಳಿತು ತಿದ್ದುವವರಿಂದ ಕಲಿಯಬೇಕು. ರಕ್ತದೊತ್ತಡ, ಅಪಸ್ಮಾರ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವುಗಳ ಗೊಡವೆಗೆ ಹೋಗಬಾರದು.

ಅವರಿಗೆ ಕೊಟ್ಟ ಸಲಹೆ ಚಿಕ್ಕದು. ಮೂರು ವಾರ ಉಸಿರಿನ ತಂಟೆಗೇ ಹೋಗಬೇಡಿ, ಅದು ತನ್ನ ಪಾಡಿಗಿರಲಿ. ಕುರ್ಚಿಯಲ್ಲಿ ಕುಳಿತು, ಕಣ್ಣು ಅರೆತೆರೆದು, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ. ಮನಸ್ಸು ಹೋದದ್ದು ಗೊತ್ತಾದಾಗ ಬೈಯದೆ ಅಂಗಾಲಿಗೆ ಮರಳಿ. ಎಂಟು ನಿಮಿಷ ಸಾಕು. ಎದೆ ಬಿಗಿದರೆ ಎದ್ದು ನಿಧಾನವಾಗಿ ನಡೆಯಿರಿ, ಅದೂ ಅಭ್ಯಾಸವೇ. ನೋಟ್‌ಬುಕ್ಕಿನ ಬಗ್ಗೆ ನಾನೇನೂ ಹೇಳಲಿಲ್ಲ. ಬಿಡಿ ಎಂದಿದ್ದರೆ, ಎಷ್ಟು ಚೆನ್ನಾಗಿ ಬಿಟ್ಟೆ ಎಂಬುದಕ್ಕೂ ಅಂಕ ಹಾಕುತ್ತಿದ್ದರೇನೋ.

ಎರಡನೆಯ ವಾರ ಫೋನು ಬಂತು. ಕುರ್ಚಿಯಲ್ಲೇ ನಿದ್ದೆ ಹೋದರಂತೆ, ದನಿಯಲ್ಲಿ ಅಪರಾಧ ಒಪ್ಪಿಕೊಳ್ಳುವ ಧಾಟಿ. ಕುರ್ಚಿಯ ಬೆನ್ನಿಗೆ ಒರಗದೆ ಸ್ವಲ್ಪ ಮುಂದೆ ಬಂದು ಕೂರಿ ಎಂದಷ್ಟೇ ಹೇಳಿದೆ.

ಐದನೆಯ ವಾರ ಬಂದಾಗ ಜುಮ್ಮು ನಿಂತಿತ್ತು. ರಾತ್ರಿ ಎಚ್ಚರವಾಗುವುದು ಮಾತ್ರ ಇನ್ನೂ ಇತ್ತು. ಅದರ ಬೇರು ಕೆಲಸದ ಜಾಗದ ಒಂದು ಭಯದಲ್ಲಿತ್ತು. ಧ್ಯಾನದ ನೆಪ ಪಕ್ಕಕ್ಕೆ ಸರಿದ ಮೇಲೆ ಅದರ ಬಗ್ಗೆ ಮಾತಾಡಲು ಸಾಧ್ಯವಾಯಿತು. ಹೊರಡುವ ಮುನ್ನ ನೋಟ್‌ಬುಕ್ ತೆಗೆದು ತೋರಿಸಿದರು. ಕೊನೆಯ ಆರು ದಿನಗಳ ಸಾಲು ಖಾಲಿ.

"ಮರೆತೇಬಿಟ್ಟೆ ಮೇಡಂ. ಒಂದು ಪೆನ್ನು ಕೊಡಿ, ಈಗಲೇ ತುಂಬಿಸುತ್ತೇನೆ."

ನಾನು ಕೊಡಲಿಲ್ಲ.