ಜರ್ಮನಿ: ಮೊದಲ ವಾರದಿಂದ ಪದವಿಪತ್ರದವರೆಗೆ (ಓದುಗರ ಪ್ರಶ್ನೆ, ನಮ್ಮ ಉತ್ತರ)

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಜರ್ಮನಿಗೆ ಮಾಸ್ಟರ್ಸ್ ಓದಲು ಹೊರಟವರದು, ಅಲ್ಲಿ ಓದುತ್ತಿರುವವರದು, ಇಲ್ಲಿ ಕಾಯುತ್ತಿರುವ ಅಪ್ಪ ಅಮ್ಮಂದಿರದು. ಎಲ್ಲ ಪತ್ರಗಳ ಬುಡದಲ್ಲೂ ಇರುವ ಸಂಗತಿ ಒಂದೇ: ಅಲ್ಲಿ ಯಾರೂ ನೆನಪಿಸುವುದಿಲ್ಲ, ಕೇಳಿದವರಿಗೆ ಮಾತ್ರ ದಾರಿ ತೋರಿಸುತ್ತಾರೆ.

ಅಕ್ಟೋಬರ್ ಸೆಮಿಸ್ಟರಿಗೆ ಹೋಗುತ್ತಿದ್ದೇನೆ. ಇಳಿದ ಮೇಲೆ ಮೊದಲು ಏನು ಮಾಡಬೇಕು? (ವಿದ್ಯಾರ್ಥಿ, ಹಾಸನ)

ಮೊದಲು ವಿಳಾಸ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಅನ್‌ಮೆಲ್ಡುಂಗ್. ಅದಕ್ಕೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಪತ್ರ ಬೇಕು. ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲವೂ ಇದರ ಹಿಂದೆಯೇ ಬರುವಂಥವು, ಎಷ್ಟೋ ಬ್ಯಾಂಕುಗಳು ಖಾತೆಗೂ ಇದನ್ನೇ ಕೇಳುತ್ತವೆ. 'ನೋಂದಣಿ ಸಾಧ್ಯವಿಲ್ಲ' ಎನ್ನುವ ಕೋಣೆ ಎಷ್ಟೇ ಅಗ್ಗವಾದರೂ ಬೇಡ. ಕೋಣೆ ನೋಡದೆ ಮುಂಗಡ ಕಳಿಸುವುದಂತೂ ಬೇಡವೇ ಬೇಡ, ಹಣ ಕಳೆದುಕೊಂಡವರು ಬಹಳ ಮಂದಿ.

ಅಂಚೆ ಡಬ್ಬದ ಮೇಲೆ ಅಂದೇ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಪತ್ರ ಹೆಸರು ನೋಡಿ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಬಂದ ಪತ್ರ ಹಿಂದಿರುಗುತ್ತದೆ. ಬ್ಯಾಂಕಿನ ಪಿನ್, ವಿಮೆಯ ಕಾರ್ಡ್, ಕಚೇರಿಯ ನೋಟಿಸು ಎಲ್ಲವೂ ಅಂಚೆಯಲ್ಲೇ ಬರುವ ದೇಶವದು.

ಬ್ಲಾಕ್ಡ್ ಅಕೌಂಟಿನಲ್ಲಿ (ಖರ್ಚಿಗೆ ಹಣವಿದೆ ಎಂದು ವೀಸಾಕ್ಕೆ ತೋರಿಸಲು ತೆರೆಯುವ ಖಾತೆ) ಇಟ್ಟ 11,904 ಯೂರೋ ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ಅದೂ ಅಲ್ಲಿ ಚಾಲ್ತಿ ಖಾತೆ ತೆರೆದ ಮೇಲೆ. ಮೊದಲ ತಿಂಗಳ ಬಾಡಿಗೆ, ಮುಂಗಡ, ಊಟಕ್ಕೆ ಬೇರೆಯೇ ಹಣ ಇಟ್ಟುಕೊಳ್ಳಿ. ವೀಸಾ ಕೆಲವೇ ತಿಂಗಳದ್ದಾದ್ದರಿಂದ ವಾಸದ ಪರವಾನಗಿಗೆ ಮೊದಲ ತಿಂಗಳಲ್ಲೇ ಅರ್ಜಿ ಹಾಕಿ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಮನೆಗೊಂದು, ತಲೆಗೊಂದಲ್ಲ. ಮೂವರಿದ್ದರೆ ಒಬ್ಬರ ಹೆಸರಲ್ಲಿ ಕಟ್ಟಿ ಹಂಚಿಕೊಳ್ಳಬಹುದು.

ಇಲ್ಲಿ ಸದಾ ಡಿಸ್ಟಿಂಕ್ಷನ್ ತೆಗೆಯುತ್ತಿದ್ದ ಮಗ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಫೇಲು, ಉಳಿದವುಗಳಲ್ಲಿ 3.0, 3.3. ಅವನ ದಾರಿ ತಪ್ಪಿದೆಯೇ? (ತಂದೆ, ಮೈಸೂರು)

ಇಲ್ಲ. ಮೊದಲು ಅಂಕ ಓದುವ ಬಗೆ ತಿಳಿಯಿರಿ: 1.0 ಅತ್ಯುತ್ತಮ, 4.0 ತೇರ್ಗಡೆ, 5.0 ಫೇಲು. 3.0 ಸಾಧಾರಣ ಪಾಸು, ನಾಚಿಕೆಪಡುವಂಥದ್ದಲ್ಲ. ಪ್ರವೇಶಕ್ಕೆ ಬಳಸುವ ಪರಿವರ್ತನೆ ಸೂತ್ರದಲ್ಲಿ, 10ಕ್ಕೆ 4 ಪಾಸಾಗುವ ಕಡೆ 8 ಪಡೆದವರಿಗೆ 2.0 ಬರುತ್ತದೆ. ಆದರೆ ಇಲ್ಲಿ 8 ತೆಗೆದವರು ಅಲ್ಲೂ 2.0 ತೆಗೆಯುತ್ತಾರೆಂಬ ಖಾತರಿ ಇಲ್ಲ, ಏಕೆಂದರೆ ಪರೀಕ್ಷೆಯ ಸ್ವರೂಪವೇ ಬೇರೆ.

ನಮ್ಮಲ್ಲಿ ಇಂಟರ್ನಲ್ಸ್, ಅಸೈನ್‌ಮೆಂಟ್, ಹಾಜರಿ ಸೇರಿ ಒಂದು ಅಂಕ. ಅಲ್ಲಿ ಬಹಳಷ್ಟು ವಿಷಯಗಳಿಗೆ ಕೊನೆಯ ಒಂದೇ ಪರೀಕ್ಷೆ, ಪೂರಾ ಅಂಕ ಅದರದ್ದೇ. ಹಾಜರಿ ಕೇಳುವುದು ಅಪರೂಪ. ಹಾಗಾಗಿ ಡಿಸೆಂಬರ್‌ವರೆಗೆ ಎಲ್ಲವೂ ಸರಿಯಿದೆ ಎಂದೇ ಅನಿಸುತ್ತದೆ, ಫೆಬ್ರವರಿಯಲ್ಲಿ ಏಟು ಬೀಳುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡುವ ಅಭ್ಯಾಸವೂ ಅಲ್ಲಿ ಕೈಕೊಡುತ್ತದೆ. ವಾರವಾರದ ಅಭ್ಯಾಸ ಹಾಳೆಗಳನ್ನು ಸ್ವತಃ ಬಿಡಿಸಿದವರೇ ಪಾಸಾಗುವುದು.

ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಓದು, ಸೆಮಿಸ್ಟರಿಗೆ 30 ಕ್ರೆಡಿಟ್ ಎಂಬುದು ಲೆಕ್ಕ. ಅಂದರೆ 750ರಿಂದ 900 ಗಂಟೆ. ಮೊದಲ ಸೆಮಿಸ್ಟರಿನಲ್ಲಿ 20-24 ಕ್ರೆಡಿಟ್ ಹಿಡಿದು ಗಟ್ಟಿಯಾಗಿ ಪಾಸಾಗುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಒಂದು ಸೆಮಿಸ್ಟರ್ ತಡವಾದರೆ ಬದುಕೇನೂ ಮುಳುಗದು.

ಮಗ ಈಗ ಮಾಡಬೇಕಾದ್ದು: ಉತ್ತರಪತ್ರಿಕೆ ನೋಡಲು ನಿಗದಿಯಾದ ದಿನ ತಪ್ಪದೆ ಹೋಗಲಿ. ಎಲ್ಲಿ ಅಂಕ ಹೋಯಿತೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ, ಎಣಿಕೆಯ ತಪ್ಪೂ ಅಲ್ಲೇ ಸಿಗುತ್ತದೆ. ಹೆಚ್ಚಿನ ಕಡೆ ಒಂದು ವಿಷಯಕ್ಕೆ ಮೂರು ಅವಕಾಶ ಮಾತ್ರ. ಮೂರನೆಯದೂ ಹೋದರೆ ಆ ಕೋರ್ಸೇ ಮುಗಿಯಿತು, ಅದೇ ಕೋರ್ಸಿಗೆ ಬೇರೆ ವಿಶ್ವವಿದ್ಯಾಲಯದಲ್ಲೂ ಸಾಮಾನ್ಯವಾಗಿ ಸೀಟು ಸಿಗದು. ಪರೀಕ್ಷೆಗೆಂದೇ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಕೊನೆಯ ದಿನ ದಾಟಿದರೆ ಬೇಡಿದರೂ ಸೇರಿಸುವುದಿಲ್ಲ. ಕಾಯಿಲೆಯಾದರೆ ತಕ್ಷಣ ವೈದ್ಯರ ಪತ್ರವನ್ನು ಪರೀಕ್ಷಾ ಕಚೇರಿಗೆ ಕೊಡಬೇಕು. ಸುಮ್ಮನೆ ಗೈರಾದರೆ ಒಂದು ಅವಕಾಶ ಕಳೆದಂತೆ. ನೀವು ಫೋನಿನಲ್ಲಿ ಅಂಕ ಕೇಳುವುದಕ್ಕಿಂತ 'ನಿಯಮಾವಳಿ ಓದಿದೆಯಾ' ಎಂದು ಕೇಳಿ, ಅವನಿಗೆ ಅದು ಹೆಚ್ಚು ಉಪಕಾರ.

ಸೆಮಿನಾರಿನಲ್ಲಿ ಬಾಯಿ ತೆರೆಯಲು ಹೆದರಿಕೆ. ಪ್ರೊಫೆಸರರನ್ನು ಪ್ರಶ್ನಿಸಿದರೆ ಉದ್ಧಟತನ ಅನಿಸುತ್ತದೆ. (ವಿದ್ಯಾರ್ಥಿನಿ, ಟ್ಯೂಬಿಂಗನ್)

ಅಲ್ಲಿ ಸುಮ್ಮನಿರುವುದು ವಿನಯವೆಂದು ಎಣಿಕೆಯಾಗದು, ತಯಾರಾಗಿಲ್ಲವೆಂದು ಎಣಿಕೆಯಾಗುತ್ತದೆ. ಹಿಂದಿನ ರಾತ್ರಿ ಒಂದೇ ಪ್ರಶ್ನೆ ಬರೆದುಕೊಳ್ಳಿ, ಮೊದಲ ಕಾಲು ಗಂಟೆಯಲ್ಲೇ ಕೇಳಿಬಿಡಿ. ಕಾದಷ್ಟೂ ಗಂಟಲು ಕಟ್ಟುತ್ತದೆ. ಜೊತೆಗೆ ಪ್ರೊಫೆಸರರ ಭೇಟಿ ಸಮಯಕ್ಕೆ ಇಮೇಲ್ ಬರೆದು ಹೋಗಿ: ಏನು ಪ್ರಯತ್ನಿಸಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ, ಏನು ಕೇಳಬೇಕು, ಐದು ಸಾಲು ಸಾಕು. 'ಅರ್ಥವಾಗಲಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಉತ್ತರ ಹೇಳಲಾಗದು.

ಉಚ್ಚಾರಣೆಯ ಅಳುಕು ಬಿಡಿ. ಇಪ್ಪತ್ತರ ಹರೆಯದಲ್ಲಿ ನಮ್ಮ ನಾಡಿಗೆ ಬಂದು ಕನ್ನಡ ಕಲಿತು, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ನಿಮ್ಮದೇ ವಿಶ್ವವಿದ್ಯಾಲಯ, 1896ರಲ್ಲಿ.

ನವೆಂಬರ್‌ನಿಂದ ಮಗಳ ಫೋನು ಕಡಿಮೆಯಾಗಿದೆ, ಮಾತಿನಲ್ಲಿ ಉತ್ಸಾಹವಿಲ್ಲ. (ತಾಯಿ, ದಾವಣಗೆರೆ)

ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಕತ್ತಲು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಸೂರ್ಯನಿರುವಾಗ ದಿನಕ್ಕೆ ಅರ್ಧ ಗಂಟೆ ಹೊರಗೆ ನಡೆಯಲಿ, ವಾರಕ್ಕೊಂದು ನಿಗದಿತ ಕೂಟವಿರಲಿ. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳು ಅಗ್ಗ, ಜರ್ಮನ್ ಮಾತು ಕೂಡ ಅಲ್ಲೇ ಬೇಗ ಬರುತ್ತದೆ. ಕನ್ನಡದ ಗೆಳೆಯರು ಬೇಕು, ಆದರೆ ಅವರಷ್ಟೇ ಆದರೆ ಭಾಷೆ ಬೆಳೆಯದು.

ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಓದು ಕೆಟ್ಟಿದ್ದರೆ ವೈದ್ಯರನ್ನು ಕಾಣಲಿ. ವಿದ್ಯಾರ್ಥಿ ಸೇವಾ ಸಂಸ್ಥೆಯ ಮಾನಸಿಕ ಸಲಹೆ ಸಾಮಾನ್ಯವಾಗಿ ಉಚಿತ, ಎಷ್ಟೋ ಕಡೆ ಇಂಗ್ಲಿಷಿನಲ್ಲೂ ಉಂಟು, ಹೇಳಿದ್ದು ಗುಟ್ಟಾಗಿರುತ್ತದೆ. ಕಾಯುವ ಪಟ್ಟಿ ಇರುವುದರಿಂದ ಬೇಗ ಹೆಸರು ಕೊಡಬೇಕು. ಜೀವಕ್ಕೆ ಅಪಾಯ ಅನಿಸಿದ ಕ್ಷಣ 112. 'ಎಲ್ಲ ಬಿಟ್ಟು ಬಾ' ಎಂದಾಗಲಿ, 'ಸಾಲ ಮಾಡಿ ಕಳಿಸಿದ್ದೇವೆ' ಎಂದಾಗಲಿ ಈಗ ಹೇಳಬೇಡಿ.

ಪಾರ್ಟ್‌ಟೈಮ್ ಕೆಲಸ ಎಷ್ಟು ಮಾಡಬಹುದು? (ವಿದ್ಯಾರ್ಥಿ, ಹುಬ್ಬಳ್ಳಿ)

ವರ್ಷಕ್ಕೆ 140 ಪೂರ್ಣ ದಿನ ಇಲ್ಲವೇ 280 ಅರ್ಧ ದಿನ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ದಾಟಿದರೆ ವಿಮೆಯ ವಿದ್ಯಾರ್ಥಿ ರಿಯಾಯಿತಿಗೆ ಕುತ್ತು. ವಿಶ್ವವಿದ್ಯಾಲಯದ ಸಹಾಯಕ ಹುದ್ದೆ ಈ ದಿನಗಳ ಲೆಕ್ಕಕ್ಕೆ ಸೇರದು, ಮುಂದೆ ಥೀಸಿಸ್‌ಗೂ ಬಾಗಿಲು ತೆರೆಯುತ್ತದೆ. ಮೊದಲ ಸೆಮಿಸ್ಟರ್ ಕೆಲಸವಿಲ್ಲದೆ ಕಳೆಯುವಷ್ಟು ಹಣ ಹೊಂದಿಸಿಕೊಂಡೇ ಹೊರಡಿ.

ಥೀಸಿಸ್ ಮುಗಿಯುತ್ತಿದೆ. ಮುಂದೇನು? (ವಿದ್ಯಾರ್ಥಿನಿ, ಡಾರ್ಮ್‌ಸ್ಟಾಟ್)

ಸಾಮಾನ್ಯವಾಗಿ ಥೀಸಿಸ್‌ಗೆ 30 ಕ್ರೆಡಿಟ್, ಆರು ತಿಂಗಳು. ನೋಂದಾಯಿಸಿದ ದಿನದಿಂದ ಗಡಿಯಾರ ಓಡುವುದರಿಂದ ಡೇಟಾ, ಉಪಕರಣ, ಮಾರ್ಗದರ್ಶಕರ ಒಪ್ಪಿಗೆ ಕೈಯಲ್ಲಿ ಇಟ್ಟುಕೊಂಡೇ ನೋಂದಾಯಿಸಬೇಕು.

ಪದವಿಯ ಬಳಿಕ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ, ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಆದರೆ ಈಗಿನ ಪರವಾನಗಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು, ಜೀವನಕ್ಕೆ ಹಣವಿದೆ ಎಂದು ತೋರಿಸಬೇಕು. ಪದವಿಪತ್ರ ಅಚ್ಚಾಗಲು ವಾರಗಳು ಹಿಡಿಯುತ್ತವೆ, ಅಲ್ಲಿಯವರೆಗೆ ತೇರ್ಗಡೆಯ ಪತ್ರವನ್ನು ಪರೀಕ್ಷಾ ಕಚೇರಿಯಿಂದ ಕೇಳಿ ಪಡೆಯಿರಿ. ವಿದ್ಯಾರ್ಥಿ ದಾಖಲೆಯಿಂದ ಹೆಸರು ತೆಗೆದ ದಿನವೇ ವಿಮೆಯ ದರವೂ ಬದಲಾಗುತ್ತದೆ, ಆ ವಾರವೇ ವಿಮಾ ಕಂಪನಿಗೆ ಬರೆಯಿರಿ. ಅಂಕಪಟ್ಟಿ ಮತ್ತು ಪದವಿಪತ್ರದ ದೃಢೀಕೃತ ಪ್ರತಿಗಳನ್ನು ಊರು ಬಿಡುವ ಮೊದಲೇ ಮಾಡಿಸಿ, ದೂರದಿಂದ ತರಿಸಿಕೊಳ್ಳುವುದು ಬಲು ತ್ರಾಸ.