ನಿಮ್ಮ ಐದನೇ ಪುಟದ ಆ ಒಂದು ವಾಕ್ಯ

ಆತ್ಮೀಯರೇ, ನಮಸ್ಕಾರ.

ನೀವು ಕಳಿಸಿದ ‘ಜಪಾನಿನ ಸಮರಕಲೆಗಳಲ್ಲಿ ಅಧ್ಯಾತ್ಮ ಮತ್ತು ಸಮತೋಲನ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ವಿಷಾದದಿಂದ ಮರಳಿಸುತ್ತಿದ್ದೇವೆ’ ಅಂತ ಎರಡು ಸಾಲು ಬರೆದು ಸುಮ್ಮನಾಗಲು ಮನಸ್ಸು ಒಪ್ಪುತ್ತಿಲ್ಲ. ಈ ಆರು ಪುಟಗಳಲ್ಲಿ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ಬರೆಯುವ ಅರ್ಹತೆಯೂ ನಿಮಗಿದೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಬಿಡಿಸಿ ಬರೆಯುತ್ತೇನೆ. ಕೆಲವು ಮಾತು ಖಾರ ಅನ್ನಿಸಬಹುದು.

ನಿಮ್ಮ ಮೊದಲ ಸಾಲು ಹೀಗಿದೆ: ‘ದೇಹ, ಮನಸ್ಸು ಮತ್ತು ಆತ್ಮಗಳ ಸಮತೋಲನವೇ ಜಪಾನಿನ ಸಮರಕಲೆಗಳ ಸಾರ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಸಾಲನ್ನು ಯೋಗದ ಬಗ್ಗೆ ಬರೆದರೂ ನಡೆಯುತ್ತದೆ, ಭರತನಾಟ್ಯದ ಬಗ್ಗೆ ಬರೆದರೂ ನಡೆಯುತ್ತದೆ. ಮುಂದಿನ ನಾಲ್ಕು ಪುಟವೂ ಇದೇ ಧಾಟಿಯಲ್ಲಿ ಸಾಗುತ್ತದೆ. ಚೈತನ್ಯ, ಶೂನ್ಯತೆ, ಅಂತರಂಗದ ಶಾಂತಿ, ವಿಶ್ವದೊಡನೆ ಐಕ್ಯ. ಇಷ್ಟೆಲ್ಲ ದೊಡ್ಡ ಮಾತುಗಳ ನಡುವೆ ಒಬ್ಬ ಮನುಷ್ಯನೂ ಇನ್ನೊಬ್ಬನ ತೋಳು ಹಿಡಿಯುವುದಿಲ್ಲ, ಒಬ್ಬನೂ ನೆಲಕ್ಕೆ ಬೀಳುವುದಿಲ್ಲ.

ಐದನೇ ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಈ ವಾಕ್ಯ ಬರುತ್ತದೆ: ‘ಎದುರಾಳಿಯ ತೋಳಿನ ಬಟ್ಟೆ ಹಿಡಿದರೆ ಸಾಕು, ಅವನ ಭಾರ ಯಾವ ಕಾಲಿನ ಮೇಲಿದೆ ಅಂತ ನನ್ನ ಬೆರಳಿಗೆ ತಿಳಿಯುತ್ತದೆ.’ ಇಲ್ಲಿ ನಾನು ನಿಂತೆ. ನೀವು ಕಾಲೇಜಿನ ದಿನಗಳಿಂದ ಜೂಡೋ ಕಲಿಯುತ್ತಿದ್ದೀರಿ ಅಂತ ಜೊತೆಗಿದ್ದ ಪತ್ರದಲ್ಲಿ ಬರೆದಿದ್ದಿರಿ. ಆ ಕಲಿಕೆ ಇಡೀ ಲೇಖನದಲ್ಲಿ ಕಾಣಿಸಿದ್ದು ಈ ಒಂದೇ ಕಡೆ. ಮರುಸಾಲಿನಲ್ಲೇ ಮತ್ತೆ ‘ಹೀಗೆ ಆತ್ಮಶಕ್ತಿಯು…’ ಅಂತ ಹೊರಟುಬಿಟ್ಟಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದ್ದು ಆ ಬೆರಳಿನಿಂದಲೇ.

ಯಾಕೆ ಅಂದರೆ, ಜೂಡೋದ ತತ್ವ ಹುಟ್ಟಿದ್ದೂ ಅಂಥ ಜಾಗದಲ್ಲೇ. ಜೂಡೋ ಹುಟ್ಟುಹಾಕಿದ ಕಾನೋ ಜಿಗೊರೋ 1882ರಲ್ಲಿ ಟೋಕಿಯೋದ ಏಶೋಜಿ ದೇವಾಲಯದಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರು ಮಾಡಿದರು. ಆಗ ಅವರಿಗೆ 21 ವರ್ಷ. ಗಟ್ಟಿಮುಟ್ಟಾದ ಆಳೇನಲ್ಲ. ಕಲಿಯುವ ದಿನಗಳಲ್ಲಿ ತಮಗಿಂತ ತುಂಬ ದಪ್ಪಗಿದ್ದ ಜೊತೆಗಾರನನ್ನು ಕೆಡವಲಾಗದೆ, ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನೂ ಹುಡುಕಿ ಪಟ್ಟು ಕಲಿತವರು ಅವರು. ಜೂಡೋಗಿಂತ ಹಳೆಯ ಜುಜುತ್ಸು ಕಲೆಯ ಕಿತೊ ಪಂಥದ ಗುರು ಈಕುಬೊ ಅವರ ಹತ್ತಿರ ಅಭ್ಯಾಸ ಮಾಡುತ್ತಿದ್ದಾಗ, 1885ರ ಸುಮಾರಿಗೆ, ಒಂದು ದಿನ ಗುರುವನ್ನೇ ಮತ್ತೆ ಮತ್ತೆ ಎಸೆದುಬಿಟ್ಟರು. ಅಲ್ಲಿಯವರೆಗೆ ಎಸೆಸಿಕೊಳ್ಳುತ್ತಿದ್ದವರು ಇವರು. ಹೇಗೆ ಮಾಡಿದೆ ಅಂತ ಗುರು ಕೇಳಿದಾಗ ಕಾನೋ ಹೇಳಿದ್ದು ಇಷ್ಟೇ: ಎಳೆದರೆ ಮನುಷ್ಯ ಹಿಂದಕ್ಕೆ ಜಗ್ಗುತ್ತಾನೆ, ನೂಕಿದರೆ ಎದುರು ನೂಕುತ್ತಾನೆ. ಅವನ ನಿಲುವು ಹಾಗೆ ಕದಲುವುದನ್ನು ಕಾದು, ಆಮೇಲೆ ಎಸೆದೆ. ನಿನಗೆ ಕಲಿಸಲು ನನ್ನಲ್ಲಿ ಇನ್ನೇನೂ ಉಳಿದಿಲ್ಲ ಅಂದರಂತೆ ಗುರು.

ನಿಲುವು ಕದಲಿಸುವುದನ್ನು ಕುಜುಶಿ ಅನ್ನುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಓದುಗರಿಗೆ ನೀವು ಹೇಳಬೇಕು. ಎಂಟು ದಿಕ್ಕಿನಲ್ಲಿ ಅದನ್ನು ಹೇಗೆ ಮಾಡುತ್ತಾರೆ, ಹಿಮ್ಮಡಿ ಯಾವಾಗ ಏಳುತ್ತದೆ, ಸಮಯ ಎಷ್ಟು ಕಡಿಮೆ ಇರುತ್ತದೆ, ಇವೆಲ್ಲ ನಿಮ್ಮ ಮೈಗೆ ಗೊತ್ತು. ಕಾನೋ ಕೂಡ ಇದನ್ನು ವಿವರಿಸುವಾಗ ಮೋಡದ ಮೇಲೆ ಕೂತು ಮಾತಾಡಲಿಲ್ಲ. ಲೆಕ್ಕ ಕೊಟ್ಟರು. ಎದುರಿನವನ ಬಲ 10, ನನ್ನದು 7 ಅಂದುಕೊಳ್ಳಿ. ಅವನು ನೂಕಿದಾಗ ನಾನೂ ಎದುರು ನೂಕಿದರೆ ಸೋಲು ನನ್ನದೇ. ಅವನು ನೂಕಿದಷ್ಟೇ ಹಿಂದೆ ಸರಿದು ನನ್ನ ನಿಲುವು ಕಾಪಾಡಿಕೊಂಡರೆ, ಅವನು ಮುಂದಕ್ಕೆ ವಾಲುತ್ತಾನೆ. ಆ ಗಳಿಗೆಯಲ್ಲಿ ಅವನಿಗೆ ಬಳಸಲು ಉಳಿಯುವ ಬಲ 3 ಮಾತ್ರ. ನನ್ನ 7 ಹಾಗೇ ಇದೆ. ಅದರಲ್ಲಿ ಅರ್ಧ ಹಾಕಿದರೂ ಸಾಕು, ಇನ್ನರ್ಧ ಬೇರೆ ಕೆಲಸಕ್ಕೆ ಉಳಿಯುತ್ತದೆ. ನಿಮ್ಮ ಮೂರನೇ ಪುಟದ ‘ಅಹಂಕಾರವನ್ನು ತ್ಯಜಿಸಿದವನೇ ಗೆಲ್ಲುತ್ತಾನೆ’ ಅನ್ನುವ ಮಾತಿಗಿಂತ ಈ ಲೆಕ್ಕ ಎಷ್ಟು ಜಾಸ್ತಿ ಹೇಳುತ್ತದೆ ನೋಡಿ. ಎದುರು ನೂಕಬೇಕು ಅನ್ನುವ ಹಟ ಬಿಟ್ಟರೆ ಏನಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ, ಅಲ್ವಾ?

ಇನ್ನೊಂದು ವಿಷಯವನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಬೀಳುವುದು. ಜೂಡೋದಲ್ಲಿ ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿಕೊಂಡು, ತೋಳಿನಿಂದ ಚಾಪೆಗೆ ಬಡಿದು, ತಲೆ ನೆಲಕ್ಕೆ ತಾಗದ ಹಾಗೆ. ಸಮತೋಲನದ ಬಗ್ಗೆ ಆರು ಪುಟ ಬರೆದು, ಅದನ್ನು ಕಳೆದುಕೊಳ್ಳುವುದರ ಬಗ್ಗೆ ಒಂದು ಸಾಲೂ ಬರೆಯದಿದ್ದರೆ ಹೇಗೆ? ಎಸೆದವನ ಕೈಯನ್ನೂ ನೋಡಿ. ಎದುರಾಳಿ ಗಾಳಿಯಲ್ಲಿ ತಿರುಗಿ ಬೆನ್ನಿನ ಮೇಲೆ ಬೀಳುವಾಗಲೂ, ಚೆನ್ನಾಗಿ ಕಲಿತವನು ಅವನ ತೋಳು ಬಿಡುವುದಿಲ್ಲ. ಕೊನೆ ಗಳಿಗೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆದು ಹಿಡಿಯುತ್ತಾನೆ, ಬಿದ್ದವನಿಗೆ ಪೆಟ್ಟಾಗದಿರಲಿ ಅಂತ. ಕಾನೋ 1922ರಲ್ಲಿ ಎರಡು ಸೂತ್ರಗಳನ್ನು ಮುಂದಿಟ್ಟರು: ಇರುವ ಬಲವನ್ನು ಅತಿ ಚೆನ್ನಾಗಿ ಬಳಸುವುದು, ತಾನೂ ಜೊತೆಯವನೂ ಕೂಡಿ ಬೆಳೆಯುವುದು. ನೀವು ಈ ಎರಡನ್ನೂ ಉದ್ಧರಿಸಿ, ‘ಉದಾತ್ತ ಚಿಂತನೆ’ ಅಂತ ಹೊಗಳಿ ಮುಂದೆ ಹೋಗಿದ್ದೀರಿ. ಎರಡನೆಯ ಸೂತ್ರ ಇರುವುದು ತೋಳು ಬಿಡದ ಆ ಕೈಯಲ್ಲೇ. ಅದನ್ನು ತೋರಿಸಿದರೆ ಹೊಗಳುವ ಅಗತ್ಯವೇ ಬರುವುದಿಲ್ಲ.

ಈಗ ತೆಗೆಯಬೇಕಾದ ಭಾಗಗಳಿಗೆ ಬರುತ್ತೇನೆ.

ಕಾಂಚಿಯಿಂದ ಹೋದ ಬೋಧಿಧರ್ಮ ಶಾವೊಲಿನ್‌ನಲ್ಲಿ ಯುದ್ಧಕಲೆ ಕಲಿಸಿದ, ಅದೇ ಜಪಾನಿಗೆ ಹೋಗಿ ಕರಾಟೆ ಆಯಿತು ಅನ್ನುವ ಪ್ಯಾರಾ ಬೇಡ. ನಮ್ಮವರಿಗೆ ಈ ಕಥೆ ಬಹಳ ಪ್ರಿಯ, ಆದರೆ ಆಧಾರ ಇಲ್ಲ. ಬೋಧಿಧರ್ಮನ ಬಗ್ಗೆ ಇರುವ ಹಳೆಯ ಚೀನೀ ದಾಖಲೆಗಳಲ್ಲಿ ಧ್ಯಾನದ ಮಾತಿದೆಯೇ ಹೊರತು ಹೊಡೆದಾಟದ್ದಲ್ಲ. ಅವನ ಹೆಸರಿಗೆ ವ್ಯಾಯಾಮದ ಪಾಠಗಳನ್ನು ಅಂಟಿಸಿದ ಪಠ್ಯ ಬಂದದ್ದು 17ನೇ ಶತಮಾನದಲ್ಲಿ, ಅಂದರೆ ಸಾವಿರ ವರ್ಷ ಕಳೆದ ಮೇಲೆ. ಕರಾಟೆಯ ತವರು ಒಕಿನಾವಾ. ಅಲ್ಲಿನ ಶಾಲಾ ಮೇಷ್ಟ್ರು ಫುನಾಕೊಶಿ ಗಿಚಿನ್ 1922ರಲ್ಲಿ ಅದನ್ನು ಟೋಕಿಯೋದಲ್ಲಿ ಪ್ರದರ್ಶಿಸಿದ ಮೇಲೆ ಜಪಾನಿನ ಉಳಿದ ಕಡೆ ಹಬ್ಬಿತು. ಹಾಗೆಯೇ ‘ಸಮುರಾಯ್‌ಗಳ ಸಾವಿರ ವರ್ಷದ ಏಳು ನಿಯಮಗಳು’ ಅಂತ ನೀವು ಪಟ್ಟಿ ಕೊಟ್ಟಿರುವುದಕ್ಕೆ ಅಷ್ಟು ವಯಸ್ಸಾಗಿಲ್ಲ. ಆ ಗುಣಗಳನ್ನು ಹಾಗೆ ಜೋಡಿಸಿ ಜಗತ್ತಿಗೆ ಪರಿಚಯಿಸಿದ್ದು ನಿತೊಬೆ ಇನಾಜೊ, 1900ರಲ್ಲಿ, ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಮೂಲಕ.

ಭಾರತದ ನಂಟು ಬೇಕೇ ಬೇಕು ಅಂದರೆ ನಿಜವಾದದ್ದೇ ಒಂದಿದೆ. 17ನೇ ಶತಮಾನದ ಜೆನ್ ಸನ್ಯಾಸಿ ತಾಕುಆನ್ ಸೋಹೊ, ಶೋಗುನ್‌ಗೆ, ಅಂದರೆ ಆಗ ಜಪಾನ್ ಆಳುತ್ತಿದ್ದ ಸೇನಾಧಿಪತಿಗೆ, ಖಡ್ಗವಿದ್ಯೆ ಕಲಿಸುತ್ತಿದ್ದ ಯಾಗ್ಯು ಮುನೆನೊರಿಗೆ ಒಂದು ದೀರ್ಘ ಪತ್ರ ಬರೆದರು. ಅದರ ತಿರುಳು ಹೀಗಿದೆ: ಎದುರಿನವನ ಕತ್ತಿಯ ಮೇಲೆ ಮನಸ್ಸು ನಿಂತರೆ ಕೆಟ್ಟೆ. ನಿನ್ನ ಕತ್ತಿಯ ಮೇಲೆ ನಿಂತರೂ ಕೆಟ್ಟೆ. ಹತ್ತು ಜನ ಕತ್ತಿ ಹಿಡಿದು ಬಂದರೂ, ಒಬ್ಬನ ಏಟು ತಪ್ಪಿಸಿದ ಕೂಡಲೇ ಮನಸ್ಸು ಅಲ್ಲಿಂದ ಹೊರಟಿರಬೇಕು. ಇದಕ್ಕೆ ಅವರು ಕೊಡುವ ದೃಷ್ಟಾಂತ ಸಾವಿರ ಕೈಗಳ ಕಾನ್ನೊನ್. ಬಿಲ್ಲು ಹಿಡಿದ ಒಂದು ಕೈಯ ಮೇಲೆ ಮನಸ್ಸು ನಿಂತರೆ ಉಳಿದ 999 ಕೈಗಳೂ ವ್ಯರ್ಥ. ಈ ಕಾನ್ನೊನ್ ಅಂದರೆ ನಮ್ಮ ಅವಲೋಕಿತೇಶ್ವರ, ಲೋಕೇಶ್ವರ ಅನ್ನುವುದೂ ಅದೇ ಬೋಧಿಸತ್ವನ ಹೆಸರು. ಮಂಗಳೂರಿನ ಕದ್ರಿಯಲ್ಲಿರುವ ಕಂಚಿನ ಲೋಕೇಶ್ವರ ಮೂರ್ತಿಯ ಪೀಠದಲ್ಲಿ 968ನೇ ಇಸವಿಯ ಆಳುಪ ದೊರೆ ಕುಂದವರ್ಮನ ಶಾಸನವಿದೆ. ಕದ್ರಿಯಲ್ಲಿ ಕೈಮುಗಿದವರಿಗೆ ತಾಕುಆನ್ ಪತ್ರದ ಆ ದೃಷ್ಟಾಂತ ಎಷ್ಟು ಹತ್ತಿರದ್ದು ಅನ್ನಿಸುತ್ತದೆ! ಅಲ್ಲಮನ ವಚನಗಳನ್ನು ಜೂಡೋ ಪಕ್ಕ ಇಟ್ಟು ‘ಎರಡೂ ಒಂದೇ’ ಅಂತ ಬರೆದಿದ್ದೀರಲ್ಲ, ಅದನ್ನು ಕೈಬಿಡಿ. ಹಾಗೆ ಮಾಡಿದರೆ ಅಲ್ಲಮನಿಗೂ ನ್ಯಾಯ ಆಗುವುದಿಲ್ಲ, ಕಾನೋಗೂ ಆಗುವುದಿಲ್ಲ.

ಬಿಲ್ವಿದ್ಯೆಯ ಪುಟಕ್ಕೆ ಬರೋಣ. ‘ಜಪಾನಿನ ಬಿಲ್ಲುಗಾರನಿಗೆ ಗುರಿ ಮುಖ್ಯವೇ ಅಲ್ಲ’ ಅಂತ ಬರೆದಿದ್ದೀರಿ. ಕತ್ತಲಲ್ಲಿ ಬಾಣ ಬಿಟ್ಟ ಗುರುವಿನ ಕಥೆಯನ್ನೂ ಹೇಳಿದ್ದೀರಿ. ಆ ಕಥೆ ಬಂದದ್ದು 1924ರಿಂದ 1929ರವರೆಗೆ ಸೆಂಡಾಯ್‌ನಲ್ಲಿ ತತ್ವಶಾಸ್ತ್ರ ಪಾಠ ಮಾಡಿದ ಜರ್ಮನ್ ಪ್ರಾಧ್ಯಾಪಕ ಹೆರಿಗೆಲ್ ಅವರಿಂದ. ಅವರ ಗುರು ಆವಾ ಕೆಂಜೊ ದೊಡ್ಡ ಬಿಲ್ಲುಗಾರರು, ಆದರೆ ಜೆನ್ ಸಾಧನೆ ಮಾಡಿದವರಲ್ಲ. ಗುರುಶಿಷ್ಯರ ನಡುವೆ ಮಾತು ನಡೆಯುತ್ತಿದ್ದದ್ದೂ ಹೆಚ್ಚಾಗಿ ದುಭಾಷಿಯ ಮೂಲಕ. ಕಥೆಯನ್ನು ಇಟ್ಟುಕೊಳ್ಳಿ, ಆದರೆ ಇದು ಒಬ್ಬ ವಿದೇಶಿ ಶಿಷ್ಯ ಕಂಡ ಬಗೆ ಅಂತ ಓದುಗರಿಗೆ ಹೇಳಿ.

ಅದರ ಪಕ್ಕದಲ್ಲೇ ಇನ್ನೊಂದನ್ನು ಇಡಿ. ಕ್ಯೋಟೋದ ಸಾಂಜುಸಾನ್‌ಗೆಂದೊ ದೇವಾಲಯದ ಉದ್ದನೆಯ ಸಭಾಂಗಣದಲ್ಲಿ 1001 ಕಾನ್ನೊನ್ ಮೂರ್ತಿಗಳಿವೆ, ತಾಕುಆನ್ ಹೇಳಿದ ಅದೇ ಸಾವಿರ ಕೈಗಳ ರೂಪ. ಅದೇ ಕಟ್ಟಡದ ಹೊರಜಗಲಿಯಲ್ಲಿ, ಸುಮಾರು 120 ಮೀಟರ್ ಉದ್ದಕ್ಕೂ ಬಾಣ ದಾಟಿಸುವ ಸ್ಪರ್ಧೆ ನಡೆಯುತ್ತಿತ್ತು. 1686ರಲ್ಲಿ ವಾಸಾ ದೈಹಾಚಿರೊ ಅನ್ನುವ ಯುವಕ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟ. ಗುರಿ ಮುಟ್ಟಿದವು 8,133. ಲೆಕ್ಕ ಬರೆದಿಟ್ಟಿದ್ದಾರೆ ಅಂದರೆ ಗುರಿ ಅವರಿಗೆ ಎಷ್ಟು ಮುಖ್ಯವಾಗಿತ್ತು ಅಂತ ಯೋಚಿಸಿ. ಗೋಡೆಯ ಒಳಗೆ ಧ್ಯಾನದ ಮೂರ್ತಿಗಳು, ಹೊರಗೆ ಬೆವರು, ಊದಿದ ಕೈ, ಒಡೆಯನ ಮಾನದ ಪ್ರಶ್ನೆ. ಜಪಾನಿನ ಸಮರಕಲೆ ಈ ಎರಡೂ ಹೌದು. ನೀವು ಒಳಗಿನದನ್ನು ಮಾತ್ರ ಬರೆದಿದ್ದೀರಿ.

ಬಿಲ್ಲಿನ ಬಗ್ಗೆಯೇ ಇನ್ನೊಂದು ಮಾತು. ‘ಸಮತೋಲನವೆಂದರೆ ಎರಡೂ ಬದಿ ಸಮನಾಗಿರುವುದು’ ಅಂತ ಒಂದು ಕಡೆ ಹೇಳಿದ್ದೀರಿ. ಜಪಾನಿನ ಬಿಲ್ಲನ್ನು ಗಮನಿಸಿ. ಎರಡು ಮೀಟರ್ ಮೀರಿದ ಉದ್ದ. ಹಿಡಿ ಮಧ್ಯದಲ್ಲಿಲ್ಲ, ಕೆಳಗಿನಿಂದ ಮೂರನೇ ಒಂದು ಭಾಗದ ಹತ್ತಿರ ಇದೆ. ಮೇಲೆ ಉದ್ದ, ಕೆಳಗೆ ಗಿಡ್ಡ. ಆದರೂ 28 ಮೀಟರ್ ದೂರದ 36 ಸೆಂಟಿಮೀಟರ್ ಅಗಲದ ಗುರಿಗೆ ಬಾಣ ಹೋಗಿ ನಾಟುತ್ತದೆ. ನಿಮ್ಮ ವ್ಯಾಖ್ಯಾನ ಇಲ್ಲಿ ನಿಲ್ಲುವುದಿಲ್ಲ. ಅದನ್ನು ತಿದ್ದುವುದಕ್ಕಿಂತ, ವ್ಯಾಖ್ಯಾನ ಕೊಡುವುದನ್ನೇ ಬಿಟ್ಟು ಬಿಲ್ಲನ್ನು ವರ್ಣಿಸಿ.

ಒಂದು ಭಾಗ ನೀವು ಸೇರಿಸಲೇಬೇಕು. ಬರೆಯಲು ಕಷ್ಟ, ಆದರೆ ಬಿಟ್ಟರೆ ಲೇಖನ ಪ್ರಾಮಾಣಿಕ ಅನ್ನಿಸುವುದಿಲ್ಲ. 1931ರಲ್ಲಿ ಜಪಾನಿನ ಮಾಧ್ಯಮಿಕ ಶಾಲೆಯ ಹುಡುಗರಿಗೆ ಜೂಡೋ ಮತ್ತು ಬಿದಿರಿನ ಕತ್ತಿಯ ಆಟವಾದ ಕೆಂಡೋ ಕಡ್ಡಾಯವಾದವು. ಆ ಹುಡುಗರನ್ನು ಯುದ್ಧಕ್ಕೆ ಸಜ್ಜು ಮಾಡಲು ಇದೇ ಮನೋನಿಗ್ರಹದ, ಸಾವಿಗೆ ಅಂಜದ ಮಾತುಗಳು ಬಳಕೆಯಾದವು. ಪ್ರೇಮದ ಸಮರಕಲೆ ಅಂತ ನೀವು ಕೊಂಡಾಡಿರುವ ಐಕಿಡೋದ ಸ್ಥಾಪಕ ಉಎಶಿಬಾ ಮೊರಿಹೆಯ್ ಕೂಡ ಆ ವರ್ಷಗಳಲ್ಲಿ ಸೇನೆಯ ಶಾಲೆಗಳಲ್ಲಿ ಕಲಿಸಿದವರೇ. 1942ರಲ್ಲಿ ಅವರು ಟೋಕಿಯೋ ಬಿಟ್ಟು ಇವಾಮಾ ಅನ್ನುವ ಹಳ್ಳಿಗೆ ಹೋಗಿ ಬೇಸಾಯ ಮಾಡತೊಡಗಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ಆಡಳಿತ ಶಾಲೆಗಳಲ್ಲಿ ಸಮರಕಲೆಗಳನ್ನು ನಿಲ್ಲಿಸಿತು. ಜೂಡೋ ಶಾಲೆಗೆ ಮರಳಿದ್ದು 1950ರಲ್ಲಿ. ಇದನ್ನು ಓದಿದರೆ ಆ ಕಲೆಗಳ ಮೇಲಿನ ಗೌರವ ಕಡಿಮೆಯಾಗುತ್ತದೆ ಅಂತ ಹೆದರಬೇಡಿ. ಮನಸ್ಸು ಗಟ್ಟಿಯಾದರೆ ಸಾಲದು, ಅದು ಯಾರ ಕೈಯಲ್ಲಿದೆ ಅಂತಲೂ ಕೇಳಬೇಕು. ಈ ಪ್ರಶ್ನೆ ಇಲ್ಲದ ಅಧ್ಯಾತ್ಮದ ಲೇಖನವನ್ನು ನಾನು ಪ್ರಕಟಿಸುವುದಿಲ್ಲ.

ಸಮತೋಲನಕ್ಕೆ ಒಳ್ಳೆಯ ಉದಾಹರಣೆ ಬೇಕಾದರೆ 1964ರ ಟೋಕಿಯೋ ಒಲಿಂಪಿಕ್ಸ್ ನೋಡಿ. ಮುಕ್ತ ತೂಕದ ವಿಭಾಗದ ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಆಂಟನ್ ಗೇಸಿಂಕ್, ಜಪಾನಿನ ಕಾಮಿನಾಗಾ ಅಕಿಯೊ ಅವರನ್ನು ಚಾಪೆಗೆ ಒತ್ತಿ ಹಿಡಿದು ಗೆದ್ದರು. ಪಂದ್ಯ ನಡೆದ ಬುಡೊಕಾನ್ ಕ್ರೀಡಾಂಗಣ ಇಡೀ ದಿಗ್ಭ್ರಮೆಯಲ್ಲಿತ್ತು. ಡಚ್ ಅಭಿಮಾನಿಗಳು ಚಾಪೆಯತ್ತ ಓಡಿ ಬಂದರು. ಗೇಸಿಂಕ್ ಇನ್ನೂ ಎದ್ದು ನಿಂತು ನಮಸ್ಕರಿಸಿರಲಿಲ್ಲ. ಕೈ ಎತ್ತಿ ಅವರನ್ನು ಅಲ್ಲೇ ತಡೆದರು. ಕೆಂಡೋದಲ್ಲಂತೂ ಅಂಕ ಗಳಿಸಿದ ಮೇಲೆ ಕುಣಿದಾಡಿದರೆ ಆ ಅಂಕವನ್ನೇ ಕಿತ್ತುಕೊಳ್ಳುತ್ತಾರೆ. ಗೆದ್ದ ಮೇಲೂ ನಿಲುವು ಕದಲಬಾರದು ಅನ್ನುವುದು ನಿಯಮದ ಪುಸ್ತಕದಲ್ಲೇ ಇರುವ ಆಟಗಳಿವು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅನಿರ್ವಚನೀಯ’ ಅನ್ನುವ ಪದ ಬಂದ ಕಡೆಯೆಲ್ಲ ಗುರುತು ಹಾಕಿದ್ದೇನೆ. ಹೇಳಲಾಗದ್ದು ಅಂತ ಓದುಗರಿಗೆ ತಿಳಿಸುವುದು ಬಿಟ್ಟು, ಹೇಳಲು ಒಮ್ಮೆ ಪ್ರಯತ್ನಿಸಿ. ಪತ್ರದಲ್ಲಿ ನೀವು ಎಷ್ಟು ಸಲೀಸಾಗಿ ಬರೆದಿದ್ದೀರಿ! ಲೇಖನಕ್ಕೂ ಅದೇ ಕನ್ನಡ ಸಾಕು.

ಹೊಸ ಕರಡು ನಾಲ್ಕು ಪುಟ ಮೀರದಿರಲಿ. ಅರ್ಧದಷ್ಟಾದರೂ ಜೂಡೋ ಬಗ್ಗೆಯೇ ಇರಲಿ, ಅದು ನೀವು ಬಲ್ಲದ್ದು. ಐಕಿಡೋ, ಬಿಲ್ಲು, ಕತ್ತಿ ಅಗತ್ಯ ಬಿದ್ದಷ್ಟೇ ಬರಲಿ. ಬರೆದು ಮುಗಿಸಿದ ಮೇಲೆ ನಿಮ್ಮ ಜೂಡೋ ಗುರುಗಳಿಗೆ ಒಮ್ಮೆ ಓದಿಸಿ. ಹಿಡಿತದ ವಿವರ, ಕಾಲಿನ ಸ್ಥಾನ ಇಂಥ ಕಡೆ ತಪ್ಪಿದ್ದರೆ ನನಗೆ ಗೊತ್ತಾಗುವುದಿಲ್ಲ, ಅವರಿಗೆ ಗೊತ್ತಾಗುತ್ತದೆ. ಅವಸರ ಬೇಡ. ಸಿದ್ಧವಾದಾಗ ಕಚೇರಿಯ ವಿಳಾಸಕ್ಕಲ್ಲ, ನೇರ ನನಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ